ಏಳು ಸಾಲಿನ ಪುಟ

ದ್ಯಾವಪ್ಪನ ಬೆರಳುಗಳ ಮೇಲೆ ಗೆರೆಗಳೇ ಇರಲಿಲ್ಲ. ಕುಷ್ಟಗಿ ಸುತ್ತಲಿನ ಕ್ವಾರಿಗಳಲ್ಲಿ ಹನ್ನೆರಡು ವರ್ಷ, ಆಮೇಲೆ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯೊಂದರಲ್ಲಿ ಹದಿನೆಂಟು ವರ್ಷ ದುಡಿದ ಕೈ ಅದು. ಕಲ್ಲಿನ ಮೇಲೆ ನೀರು ಬಿಟ್ಟು, ಎಲ್ಲಿ ನುಣುಪಾಗಿದೆ ಎಲ್ಲಿ ಇನ್ನೂ ತಿಕ್ಕಬೇಕು ಎಂದು ಬೆರಳಾಡಿಸಿ ನೋಡುತ್ತ ನೋಡುತ್ತ ಬೆರಳೇ ಸವೆದುಹೋಗಿತ್ತು. ಅದರ ಮೇಲೆ ಜಡ್ಡುಗಟ್ಟಿ ಒಣ ತೊಗಲಿನಂತಾಗಿತ್ತು. ರೇಷನ್ ಅಂಗಡಿಯ ಯಂತ್ರ ಅವನ ಹೆಬ್ಬೆಟ್ಟನ್ನು ಒಪ್ಪುವುದು ಬಿಟ್ಟು ಎಷ್ಟೋ ವರ್ಷವಾಗಿತ್ತು. ಮಗಳು ಸುಕನ್ಯಾ ಹೋಗಿ ತನ್ನ ಹೆಬ್ಬೆಟ್ಟು ಒತ್ತಿ ಅಕ್ಕಿ ತರುತ್ತಿದ್ದಳು.

ಸುಕನ್ಯಾ ಊರಿನ ಪಂಚಾಯ್ತಿ ಗ್ರಂಥಾಲಯದ ಮೇಲ್ವಿಚಾರಕಿ. ಅಪ್ಪನಿಗೆ ಓದು ಕಲಿಸಿದವಳೂ ಅವಳೇ. ಅವಳು ಏಳನೆಯ ಇಯತ್ತೆಯಲ್ಲಿದ್ದಾಗ ನಲವತ್ತು ದಾಟಿದ್ದ ದ್ಯಾವಪ್ಪ ಕಾರ್ಖಾನೆಯಿಂದ ಬಂದು, ಮೈಮೇಲಿನ ಬಿಳಿ ಧೂಳು ತೊಳೆದುಕೊಂಡು, ಮಗಳ ಎದುರು ಚಕ್ಕಳಮಕ್ಕಳ ಹಾಕಿ ಕೂತು ಅಕ್ಷರ ತಿದ್ದಿದ್ದ. ಮೂರು ವರ್ಷಕ್ಕೆ ಬಸ್ಸಿನ ಬೋರ್ಡು ಓದಿದ, ಐದು ವರ್ಷಕ್ಕೆ ಕಥೆ ಪುಸ್ತಕ. ತುಟಿ ಅಲುಗಿಸುತ್ತ ನಿಧಾನವಾಗಿ ಓದುತ್ತಿದ್ದ. ಒಂದು ಸಾಲು ಹಿಡಿಸಿದರೆ ಅದನ್ನೇ ಎರಡು ಸಲ ಓದುತ್ತಿದ್ದ.

ಆ ಧೂಳೇ ಕೊನೆಗೆ ಎದೆಯೊಳಗೆ ಕೂತುಬಿಟ್ಟಿತು. ಕೊಪ್ಪಳದ ಡಾಕ್ಟರು ಎಕ್ಸ್‌ರೇ ಹಿಡಿದು, ಇದು ಹೊರಗೆ ಬರುವಂಥದ್ದಲ್ಲ ಎಂದು ಮೆಲ್ಲಗೆ ಹೇಳಿದರು. ದ್ಯಾವಪ್ಪ ಕೆಲಸ ಬಿಟ್ಟ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಹಗಲೆಲ್ಲ ಸುತ್ತಿ ಗೋಡೆಗೆ ಆನಿಸಿಟ್ಟ ಕೌದಿಗೆ ಒರಗಿ, ಎಡಗೈಯನ್ನು ಹಾಸಿಗೆಗೆ ಊರಿ, ಆ ಊರಿದ ಕೈಯ ಬಲದ ಮೇಲೆ ಉಸಿರು ಎಳೆಯುತ್ತ ಕೂಡುತ್ತಿದ್ದ. ಕೈ ತೆಗೆದರೆ ಕೆಮ್ಮು ಏಳುತ್ತಿತ್ತು. ಹೆಂಡತಿ ಹುಲಿಗವ್ವ ಬೀಜೋತ್ಪಾದನೆಯ ಹತ್ತಿ ಹೊಲಕ್ಕೆ, ಹೆಣ್ಣು ಹೂವಿಗೆ ಗಂಡು ಹೂವಿನ ಪುಡಿ ಮುಟ್ಟಿಸುವ ಕೆಲಸಕ್ಕೆ ಹೋದರೆ, ಮಗಳು ಗ್ರಂಥಾಲಯಕ್ಕೆ ಹೋದರೆ, ಮನೆಯಲ್ಲಿ ಅವನೊಬ್ಬನೇ. ಪುಸ್ತಕ ಬಿಡಿಸಿ ಹಿಡಿಯಲು ಎರಡು ಕೈ ಬೇಕು. ಕಣ್ಣಿಗೂ ಸಣ್ಣಕ್ಷರ ಹತ್ತುತ್ತಿರಲಿಲ್ಲ.

ಸುಕನ್ಯಾಳಿಗೆ ಹೈಸ್ಕೂಲಿನಲ್ಲಿ ಪಾಠ ಹೇಳಿದ್ದ ಮರಿಸ್ವಾಮಿ ಮಾಸ್ತರರು ಒಂದು ದಿನ ನೋಡಲು ಬಂದವರು ಪರದೆಯ ಮೇಲೆ ಪುಸ್ತಕ ಓದುವ ತಮ್ಮ ಹಳೆಯ ಇ-ರೀಡರ್ ಯಂತ್ರ ಕೊಟ್ಟುಹೋದರು. ಮಕ್ಕಳು ಬರೆಯುವ ಪಾಟಿಯಷ್ಟೇ ಹಗುರ, ಎರಡೂ ಅಂಚಿಗೆ ಉದ್ದನೆಯ ಬಟನ್. ಒತ್ತಿದರೆ ಪುಟ ತಿರುಗುತ್ತಿತ್ತು. ಮಾಸ್ತರರು ಅಕ್ಷರವನ್ನು ದೊಡ್ಡದು ಮಾಡುತ್ತ ಹೋದರು. ದ್ಯಾವಪ್ಪ "ಇನ್ನಷ್ಟ ಮಾಡ್ರಿ, ಇನ್ನಷ್ಟ ಮಾಡ್ರಿ" ಎನ್ನುತ್ತಲೇ ಇದ್ದ. ಕೊನೆಗೆ ಪುಟಕ್ಕೆ ಏಳೇ ಸಾಲು ಉಳಿದವು.

"ಏಳು ಸಾಲಿಗೊಮ್ಮೆ ಒತ್ತಬೇಕಾಗ್ತದ ದ್ಯಾವಪ್ಪ," ಎಂದರು ಮಾಸ್ತರರು.

"ಒತ್ತೂದು ಒಂದ ಬರ್ತೈತ್ರಿ ನನಗ, ಮತ್ತೇನೂ ಬರೂದಿಲ್ಲ," ಎಂದ ದ್ಯಾವಪ್ಪ. ಆ ಮನೆಯಲ್ಲಿ ಬಹಳ ದಿನಗಳ ಮೇಲೆ ನಗು ಕೇಳಿಸಿತು.

ಎಡಗೈ ಹಾಸಿಗೆಗೆ, ಬಲಗೈಯಲ್ಲಿ ಪಾಟಿ. ಹಿಡಿದ ಕೈಯ ಹೆಬ್ಬೆರಳೇ ಬಟನ್ ಒತ್ತುತ್ತಿತ್ತು. ಹೀಗೆ ಒಂದು ವರ್ಷದಲ್ಲಿ ಆರು ಪುಸ್ತಕ ಓದಿದ. ಏಳನೆಯದು ದೊಡ್ಡ ಕಾದಂಬರಿ. ಕುರಿ ಕಾಯುವ ಮನೆತನದ ಹೆಣ್ಣುಮಗಳೊಬ್ಬಳು ಮನೆ ಬಿಟ್ಟು ಹೋದ ತಮ್ಮನನ್ನು ಹುಡುಕಿಕೊಂಡು ಊರೂರು ತಿರುಗುವ ಕಥೆ. ಅದು ಮುಗಿಯುತ್ತ ಬಂದಿದ್ದಾಗ ಒಂದು ಬೆಳಿಗ್ಗೆ ಯಂತ್ರ ಕಣ್ಣು ಬಿಡಲಿಲ್ಲ.

ಸುಕನ್ಯಾ ಅದನ್ನು ಕುಷ್ಟಗಿಗೆ ಒಯ್ದಳು. ಮೊಬೈಲ್ ರಿಪೇರಿ ಅಂಗಡಿಯ ಕಲ್ಲೇಶ ಬಿಚ್ಚಿ ನೋಡಿ ತಲೆಯಾಡಿಸಿದ. "ಬ್ಯಾಟ್ರಿ ಉಬ್ಬಿ ಒಳಗಿಂದೆಲ್ಲ ಕೆಟ್ಟೈತಕ್ಕಾ. ಇದರ ಸಾಮಾನ ಈಗ ಎಲ್ಲೂ ಸಿಗೂದಿಲ್ಲ."

"ಹಿಂಗ ಬಟನ್ ಇರೋ ಹೊಸಾದು?"

"ಬಟನ್ ಯಾರ್ ಕೇಳ್ತಾರಕ್ಕಾ ಈಗ? ಎಲ್ಲಾ ಟಚ್ಚು. ಬಟನ್ನಿಂದು ಒಂದೋ ಎರಡೋ ಬರ್ತಾವ, ಅವಕ್ಕ ರೇಟ ಭಾಳ, ನಮ್ಮಂಥಾರ ಕೈಗೆ ಹತ್ತೂದಿಲ್ಲ."

ಅವಳು ಟಚ್ಚಿನದನ್ನೇ ತರಿಸಿದಳು. ಮಾಸ್ತರರು ಅದೇ ಕಾದಂಬರಿಯನ್ನು ಅದಕ್ಕೂ ಹಾಕಿ, ಅಕ್ಷರವನ್ನು ಮೊದಲಿನಷ್ಟೇ ದೊಡ್ಡದು ಮಾಡಿ ಕೊಟ್ಟರು. ದ್ಯಾವಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು ಏಳು ಸಾಲು ಓದಿದ. ಹೆಬ್ಬೆರಳು ಗಾಜಿನ ಮೇಲೆ ಇಟ್ಟ. ಪುಟ ತಿರುಗಲಿಲ್ಲ. ಇನ್ನಷ್ಟು ಬಲವಾಗಿ ಒತ್ತಿದ.

"ಒತ್ತಬ್ಯಾಡಪ್ಪಾ. ಬರೇ ಮುಟ್ಟಿದ್ರ ಸಾಕು," ಎಂದು ಸುಕನ್ಯಾ ತನ್ನ ಬೆರಳು ತಾಗಿಸಿ ತೋರಿಸಿದಳು. ಪುಟ ತಿರುಗಿತು. ಅವನು ಹಾಗೆಯೇ ಮುಟ್ಟಿದ. ತಿರುಗಲಿಲ್ಲ. ಬೆರಳನ್ನು ನಾಲಿಗೆಗೆ ಹಚ್ಚಿ ಮುಟ್ಟಿದ, ತೋರುಬೆರಳಿನಿಂದ ಮುಟ್ಟಿದ, ಕಿರುಬೆರಳಿನಿಂದಲೂ ಮುಟ್ಟಿದ. ಗಾಜಿಗೆ ಅವನ ಸುಳಿವೇ ಹತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅದನ್ನು ಬೋರಲು ಹಾಕಿ ಪಕ್ಕಕ್ಕೆ ಸರಿಸಿದ.

"ಇದಕ್ಕೂ ನನ್ನ ಗುರುತು ಇಲ್ಲ ಬಿಡವ್ವ."

ಕಲ್ಲೇಶ ರಬ್ಬರಿನ ತುದಿಯ ಕಡ್ಡಿಯೊಂದನ್ನು ಕೊಟ್ಟ. ಅದರಿಂದ ಮುಟ್ಟಿದರೆ ಪುಟ ತಿರುಗುತ್ತಿತ್ತು. ಆದರೆ ಕಡ್ಡಿ ಹಿಡಿಯಲು ಒಂದು ಕೈ, ಪಾಟಿ ಹಿಡಿಯಲು ಇನ್ನೊಂದು. ಉಸಿರಿಗೆ ಊರುವ ಕೈ ಉಳಿಯುತ್ತಿರಲಿಲ್ಲ. ಪಾಟಿಯನ್ನು ತೊಡೆಯ ಮೇಲಿಟ್ಟರೂ ತಲೆದಿಂಬಿಗೆ ಆನಿಸಿಟ್ಟರೂ ಕೆಮ್ಮಿದಾಗ ಜಾರುತ್ತಿತ್ತು. ನಡುಗುವ ಕಡ್ಡಿ ಮೂರ್ನಾಲ್ಕು ಸಲ ತಾಗಿ ಮೂರ್ನಾಲ್ಕು ಪುಟ ಮುಂದೆ ಹೋಗುತ್ತಿತ್ತು. ಎಲ್ಲಿದ್ದೆ ಎಂದು ಹುಡುಕುವುದರಲ್ಲೇ ಅವನು ಸುಸ್ತಾಗುತ್ತಿದ್ದ.

ಬೆಳಿಗ್ಗೆ, ಸಂಜೆ ಸುಕನ್ಯಾ ಪಕ್ಕದಲ್ಲಿ ಕೂತು ಪುಟ ತಿರುಗಿಸತೊಡಗಿದಳು. ಅವನು ತಲೆಯಾಡಿಸಿದರೆ ಅವಳು ಮುಟ್ಟಬೇಕು. ಅಪ್ಪನ ಓದು ನಿಧಾನ. ಅವಳ ಮನಸ್ಸೆಲ್ಲ ಒಲೆಯ ಮೇಲೆ, ಗಡಿಯಾರದ ಮೇಲೆ. ಅದು ಅವನಿಗೂ ತಿಳಿಯುತ್ತಿತ್ತು. ಓದದೆಯೇ ತಲೆಯಾಡಿಸತೊಡಗಿದ.

ಒಂದು ಸಂಜೆ ಅವಳು ದಣಿದು ಬಂದಿದ್ದಳು. ಪಂಚಾಯ್ತಿಯಲ್ಲಿ ಏನೋ ಮಾತಾಗಿ ಮನಸ್ಸೂ ಕೆಟ್ಟಿತ್ತು. ಹಿಟ್ಟು ಕಲಸುತ್ತಿದ್ದಾಗ ಅಪ್ಪ ಎರಡು ಸಲ ಕರೆದ. ಕೈ ತೊಳೆದು ಬಂದಳು, ಮುಟ್ಟಿ ಹೋದಳು. ಮತ್ತೆ ಕರೆದ.

"ಒಂದೀಟ ಮುಟ್ಟೂದು ಸೈತ ಬರೂದಿಲ್ಲೇನಪ್ಪಾ ನಿನಗ?" ಎಂದಳು. "ಕೂಸು ಮುಟ್ಟಿದ್ರ ತಿರುಗ್ತೈತಿ."

ಅವನು ಅವಳ ಮುಖ ನೋಡಲಿಲ್ಲ. "ಬರೂದಿಲ್ಲವ್ವ," ಎಂದ. "ನೀ ರೊಟ್ಟಿ ಮಾಡ ಹೋಗು."

ಮರುದಿನ ಅವಳು ಮಧ್ಯಾಹ್ನವೇ ಮನೆಗೆ ಬಂದಳು. ಅಪ್ಪನ ಮುಂದೆ ನೀರಿನ ತಂಬಿಗೆ, ಕುಡಗೋಲು ಮಸೆಯಲೆಂದು ಕಾರ್ಖಾನೆಯಿಂದ ಎಂದೋ ತಂದಿಟ್ಟಿದ್ದ, ಪಾಲಿಶ್‌ಗೆ ಬಳಸುವ ಒರಟು ಕಲ್ಲಿನ ತುಂಡು. ಕೌದಿಯ ಮೇಲೆ ಅಲ್ಲಲ್ಲಿ ಕೆಂಪು ಕಲೆ. ದ್ಯಾವಪ್ಪ ತನ್ನ ಹೆಬ್ಬೆರಳಿನ ಜಡ್ಡನ್ನು ಆ ಕಲ್ಲಿಗೆ ತಿಕ್ಕಿ ತಿಕ್ಕಿ ತೆಗೆದಿದ್ದ. ಒಳಗಿನ ಮೆತ್ತನೆಯ ಕೆಂಪು ಮಾಂಸ ಕಾಣುತ್ತಿತ್ತು. ಗಾಜಿನ ಮೇಲೂ ರಕ್ತ ಒರೆಸಿದ ಗುರುತಿತ್ತು.

"ತಿರುಗ್ತು ನೋಡವ್ವ," ಎಂದ. ಅವನ ಮುಖ ಅರಳಿತ್ತು. "ಮುಂಜಾನಿಂದ ಹನ್ನೊಂದು ಹಾಳಿ ಓದೀನಿ. ಯಾರನ್ನೂ ಕರದಿಲ್ಲ."

ಸುಕನ್ಯಾ ತಂಬಿಗೆ ಎಳೆದುಕೊಂಡಳು. ಬೆರಳು ತೊಳೆದಳು, ಅರಿಷಿಣ ಹಚ್ಚಿದಳು, ಹಳೆಯ ಸೀರೆಯ ಅಂಚು ಹರಿದು ಕಟ್ಟಿದಳು. ಕಟ್ಟುವಾಗ ಅವನು ಬಟ್ಟೆ ದಪ್ಪ ಆಗಬಾರದು, ಮುಟ್ಟಿದರೆ ಗಾಜಿಗೆ ತಿಳಿಯಬೇಕು ಎಂದು ಹೇಳುತ್ತಲೇ ಇದ್ದ. ಅವಳು ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಅಂದೇ ಮರಿಸ್ವಾಮಿ ಮಾಸ್ತರರಿಗೆ ಫೋನು ಮಾಡಿದಳು. ಅವರು ತಮಗೆ ಗೊತ್ತಿದ್ದವರನ್ನೆಲ್ಲ ಕೇಳಿದರು. ನಾಲ್ಕು ದಿನಗಳ ಮೇಲೆ ಗಂಗಾವತಿಯ ನಿವೃತ್ತ ಲೆಕ್ಚರರ್ ಅಬ್ದುಲ್ ರೌಫರ ಬಳಿ ಬಟನ್ ಇರುವುದೊಂದು ಇದೆಯೆಂದು ಗೊತ್ತಾಯಿತು. ಸುಕನ್ಯಾ ತಾವರಗೇರಾ, ಕನಕಗಿರಿ ಹಾದು ಹೋಗುವ ಬಸ್ಸು ಹಿಡಿದು ಹೋದಳು. ರೌಫರು ಅದರಲ್ಲಿ ತಾವೇ ಅರ್ಧ ಓದಿದ್ದ ಪುಸ್ತಕವೊಂದನ್ನು ಬಿಟ್ಟು ಎದ್ದು ಬಂದು, ಯಂತ್ರವನ್ನು ಚೀಲದಲ್ಲಿ ಹಾಕಿ ಅವಳ ಕೈಗೆ ಕೊಟ್ಟರು.

"ಅವರಿಗೆ ಎಷ್ಟ ದಿನ ಬೇಕೋ ಅಷ್ಟ ದಿನ ಇರ್ಲಿ ಬೇಟಿ. ನನಗ ಕಾಗದದ ಪುಸ್ತಕ ಅದಾವ."

ಅವಳು ಊರಿಗೆ ಬರುವಷ್ಟರಲ್ಲಿ ಅಪ್ಪನ ಉಸಿರು ಕೆಟ್ಟಿತ್ತು. ಆಂಬುಲೆನ್ಸ್ ಬಂತು. ಕೊಪ್ಪಳದ ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ಹಾಕಿದರು. ಮೂರನೆಯ ದಿನ ಸ್ವಲ್ಪ ತಿಳಿಯಾದಾಗ ಅವಳು ಚೀಲ ಬಿಚ್ಚಿ ಅದನ್ನು ಅವನ ಕೈಗಿಟ್ಟಳು. ಆಸ್ಪತ್ರೆಗೆ ಬಂದಿದ್ದ ಮಾಸ್ತರರು ಕಥೆಯನ್ನು ಅದಕ್ಕೆ ಹಾಕಿ, ಅವನು ನಿಲ್ಲಿಸಿದ ಪುಟಕ್ಕೇ ತಂದಿಟ್ಟಿದ್ದರು. ಬಟ್ಟೆ ಕಟ್ಟಿದ್ದ ಹೆಬ್ಬೆರಳನ್ನು ಅಂಚಿನ ಮೇಲಿಟ್ಟು ಅವನು ಒತ್ತಿದ. ಪುಟ ತಿರುಗಿತು. ಅವನು ಮಗಳ ಕಡೆ ನೋಡಿ ಕಣ್ಣು ಮುಚ್ಚಿ ತೆರೆದ.

ಒಂಬತ್ತು ದಿನ ಓದಿದ. ಮೊದಲು ದಿನಕ್ಕೆ ಇಪ್ಪತ್ತು ಮೂವತ್ತು ಪುಟ, ಆಮೇಲೆ ಹತ್ತು, ಆಮೇಲೆ ಎರಡೋ ಮೂರೋ. ನಡುವೆ ಪಾಟಿ ಎದೆಯ ಮೇಲೆ ಬೀಳುತ್ತಿತ್ತು. ಎಚ್ಚರವಾದರೆ ಮೊದಲು ಅದನ್ನೇ ತಡಕುತ್ತಿದ್ದ.

"ನಾ ಓದಿ ಹೇಳ್ಲೇನಪ್ಪಾ? ಇನ್ನ ಸ್ವಲ್ಪ ಐತಿ," ಎಂದಳು ಒಂದು ಮಧ್ಯಾಹ್ನ.

"ಬ್ಯಾಡ. ನೀ ಮುಂದ ನೋಡಬ್ಯಾಡ." ಒಂದೊಂದೇ ಮಾತು ಎಳೆದು ಆಡಿದ. "ತಮ್ಮ ಸಿಗ್ತಾನೋ ಇಲ್ಲೋ, ನಾನ ಹೋಗಿ ನೋಡ್ತೀನಿ."

ಮರುದಿನ ಬೆಳಿಗ್ಗೆ ಹುಲಿಗವ್ವ ಚಹಾ ತರಲು ಹೊರಗೆ ಹೋಗಿದ್ದಾಗ ಅವನು ತೀರಿಕೊಂಡ. ಸುಕನ್ಯಾ ಅವನ ಕಾಲ ಕಡೆ ಕೂತಿದ್ದಳು. ಎದೆ ಏಳುವುದು ನಿಂತದ್ದು ಅವಳಿಗೆ ತಕ್ಷಣ ತಿಳಿಯಲೇ ಇಲ್ಲ. ಇನ್ನೂ ಇಪ್ಪತ್ತಾರು ಪುಟ ಉಳಿದಿದ್ದವು. ಮುದ್ರಿಸಿದ ಪುಸ್ತಕದಲ್ಲಾದರೆ ಅದು ಐದಾರು ಪುಟ ಅಷ್ಟೇ.

ತಿಂಗಳು ಕಳೆದ ಮೇಲೆ ಯಂತ್ರವನ್ನು ಮರಳಿ ಕೊಡಲು ಗಂಗಾವತಿಗೆ ಹೋದಳು. ಆ ಇಪ್ಪತ್ತಾರು ಪುಟಗಳನ್ನು ಅವಳು ಓದಿರಲಿಲ್ಲ. ಅಪ್ಪ ಬೇಡ ಎಂದದ್ದು ಕಿವಿಯಲ್ಲಿತ್ತು. ರೌಫರ ಹೆಂಡತಿ ತಾಜಬೀ ಚಹಾ ತಂದಿಟ್ಟು, ಅವಳ ತಲೆ ಸವರಿ ಒಳಗೆ ಹೋದರು. ರೌಫರು ಯಂತ್ರ ತೆರೆದು ನೋಡಿದರು.

"ಅರೆ, ಈ ಕಾದಂಬರಿ ಓದಿದ್ರೇನು ನಿಮ್ಮ ಅಪ್ಪಾಜಿ? ನಾ ಕಾಲೇಜಿನಾಗ ಇದ್ದಾಗ ಓದಿದ್ದೆ. ಪೂರಾ ಓದಿದ್ರಾ?"

"ಹೂಂ ರೀ," ಎಂದಳು ಸುಕನ್ಯಾ. "ಪೂರಾ ಓದಿದ್ರು."

"ಛಲೋ ಆತು. ಕಡೀಗೆ ಹೊಳಿ ದಂಡ್ಯಾಗ ತಮ್ಮ ಸಿಗ್ತಾನಲ್ಲ, ಅಲ್ಲಿ ನಾ ಅತ್ತುಬಿಟ್ಟಿದ್ದೆ ಬೇಟಿ. ಅವರಿಗೆ ಹಿಡಿಸ್ತೇನು ಅದು?"

ಅವಳು ಚಹಾದ ಕಪ್ಪು ಕೆಳಗಿಟ್ಟಳು. "ಭಾಳ ಹಿಡಿಸ್ತ್ರಿ," ಎಂದಳು.

ಬಸ್ಸಿನಲ್ಲಿ ಪಕ್ಕದ ಹೆಂಗಸು ಯಾಕವ್ವ ಅಳ್ತಿ ಎಂದು ಕೇಳಿದಳು. ಸುಕನ್ಯಾ ಕಿಟಕಿಯ ಕಡೆ ತಿರುಗಿ ಕೂತಳು.

ಸಂಜೆ ಹುಲಿಗವ್ವ ಹೊಲದಿಂದ ಬಂದು ಕಟ್ಟೆಯ ಮೇಲೆ ಕೂತಾಗ ಮಗಳು ಹತ್ತಿರ ಹೋಗಿ ಕೂತಳು. ಇಷ್ಟು ದಿನ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಬಾಯಿಗೆ ಬಂತು.

"ಯವ್ವಾ, ಅಪ್ಪ ಬೆರಳು ತಿಕ್ಕೊಂಡಿದ್ದು ನನ್ನ ಮಾತಿಗೆ. ಮುಟ್ಟೂದು ಸೈತ ಬರೂದಿಲ್ಲೇನು ಅಂದಿದ್ದೆ ನಾ."

ಹುಲಿಗವ್ವ ಹೂವಿನ ಪುಡಿ ಹತ್ತಿದ್ದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು.

"ಇರಬೌದು," ಎಂದಳು. "ಇಲ್ಲ ಅಂತ ಹೆಂಗ ಅನ್ಲಿ. ನಾ ಸೈತ ಅವಗ ಎಷ್ಟ ಅಂದೀನೋ, ಲೆಕ್ಕಾ ಇಲ್ಲ. ಅದನ್ನ ಹೊತ್ಕೊಂಡ ಇರಬೇಕು ಇನ್ನ, ಏನ್ ಮಾಡೂದು." ಆಮೇಲೆ ಮಗಳ ಕೈ ತನ್ನ ಮಡಿಲಿಗೆ ಎಳೆದುಕೊಂಡಳು. "ಆ ಕಥಿ ದಿನಾ ಸಂಜೀಕ ನನಗ ಹೇಳ್ತಿದ್ದ. ಹುಡುಗ ಸಿಗ್ತಾನ ಅಂತ ನಾ, ಸಿಗೂದಿಲ್ಲ ಅಂತ ಅವ. ಏನಾತು ಕಡೀಗೆ? ನಿನಗ ಗೊತ್ತೈತೇನು?"

"ಸಿಕ್ಕ ಯವ್ವಾ. ಹೊಳಿ ದಂಡ್ಯಾಗ."

"ಸಿಕ್ಕನ?" ಎಂದಳು ಹುಲಿಗವ್ವ. ಇಬ್ಬರೂ ಹಾಗೆಯೇ ಕೂತಿದ್ದರು. ರೊಟ್ಟಿಯ ಹೊತ್ತು ಮೀರಿದರೂ ಯಾರೂ ಏಳಲಿಲ್ಲ.