ಕೌದಿಯೊಳಗಿನ ಧೂಳು

ಅಂಕಲಿಯ ಹುಸೇನಮಿಯಾ ಅವರ ಕೆಮ್ಮು ಓಣಿಗೆಲ್ಲ ಗೊತ್ತು. ಎಲ್ಲರೂ ಬೀಡಿಯನ್ನು ಬೈದರು. ಬೀಡಿ ಬಿಟ್ಟರೂ ಕೆಮ್ಮು ಬಿಡಲಿಲ್ಲ. ಈಗ ಮಸೀದಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬರುತ್ತದೆ. ಚಿಕ್ಕೋಡಿಯ ಡಾಕ್ಟರು ಎಕ್ಸ್‌ರೇ ನೋಡಿ, "ಟಿಬಿ ಅಲ್ಲ. ಎದ್ಯಾಗ ನೀರ ತುಂಬೈತಿ. ಮೊದಲ ಏನ ಕೆಲಸ ಮಾಡ್ತಿದ್ರಿ?" ಎಂದು ಕೇಳಿದರು.

"ಹೊಲದ ಕೆಲಸರಿ" ಅಂದುಬಿಟ್ಟರು ನಮ್ಮ ಮಹಾಶಯರು. ಬೆಳಗಾವಿಗೆ ಹೋಗಿ ತಪಾಸಣೆ ಮಾಡಿಸಿ ಎಂದರೆ ಮನೆಗೆ ಬಂದು ಮಲಗಿದರು.

ಅವರು ಹರೆಯವನ್ನೆಲ್ಲ ಕಳೆದದ್ದು ಗಡಿಯಾಚೆಯ, ಮನೆಗಳ ಮೇಲೆ ಹೊದಿಸುವ ಸಿಮೆಂಟ್ ಪತ್ರಾ ಮಾಡುವ ಕಾರ್ಖಾನೆಯಲ್ಲಿ. ಚೀಲ ಹರಿದು ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಸುರಿಯುವ ಕೆಲಸ. ಅದನ್ನು ಹೇಳಲು ಅವರಿಗೆ ಭಯ. ಮಗ ಅರ್ಮಾನ ಈಗ ಅಲ್ಲೇ ದುಡಿಯುತ್ತಾನೆ. ಅಪ್ಪ ಬಾಯಿ ಬಿಟ್ಟರೆ ಮಗನ ಕೆಲಸ ಹೋದೀತು.

ಒಂದು ಸಂಜೆ ಕಾಗವಾಡದಿಂದ ಶ್ರೀಪಾಲ ಬಂದರು. ಇಬ್ಬರೂ ಒಂದೇ ಪಾಳಿಯಲ್ಲಿ ಚೀಲ ಹರಿದವರು. ಅಂಗಳದಲ್ಲಿ ಹುಸೇನಮಿಯಾ ಅವರ ಹೆಂಡತಿ ಬೇಗಂಬಿ ಹಗ್ಗದ ಮೇಲೆ ಕೌದಿ ಹರವಿ ಕೋಲಿನಿಂದ ಬಡಿಯುತ್ತಿದ್ದರು. ಧೂಳು ಏಳುತ್ತಿತ್ತು. ಅರ್ಮಾನನ ಮಗಳು ಜಾಸ್ಮಿನ ಆ ಧೂಳನ್ನು ಹಿಡಿಯಲು ಕುಣಿಯುತ್ತಿದ್ದಳು.

"ಭಾಭಿ, ಕೌದಿಗೆ ಯಾವ ಅರಿಬಿ ಹಾಕೀರಿ?" ಶ್ರೀಪಾಲ ಕೇಳಿದರು.

"ಇವರ ಕಾರ್ಖಾನಿ ಖಾಕಿ ಅಂಗಿರಿ ಅಣ್ಣಾರ. ಮೊನ್ನೆ ಅರ್ಮಾನನ ಹಳೇ ಪ್ಯಾಂಟೂ ಸೇರಿಸಿದ್ನಿ. ದಪ್ಪ ಅರಿಬಿ, ಬೆಚ್ಚಗ ಇರ್ತೈತಿ. ಕೂಸು ಇದನ್ನ ಹೊತ್ಕೊಂಡ ಮಲಗತೈತಿ."

ಹಳೆಯ ಬಟ್ಟೆ ಎಸೆಯದೆ ಕೌದಿ ಹೊಲಿಯುವುದು ನಮ್ಮ ಹೆಣ್ಣುಮಕ್ಕಳ ಜಾಣತನ. ಇಲ್ಲಿ ಆ ಜಾಣತನವೇ ಮುಳುವಾಗಿತ್ತು. ಶ್ರೀಪಾಲ ಗಾಬರಿಯಿಂದ ಕೂಸನ್ನು ಎತ್ತಿಕೊಂಡು ದೂರ ಸರಿದರು.

"ಬಡಿಯೂದ ನಿಲ್ಲಸ್ರಿ! ಅದು ಬರೇ ಧೂಳಲ್ಲ. ಕಣ್ಣಿಗೆ ಕಾಣದಂಥಾ ಮುಳ್ಳು. ಎದ್ಯಾಗ ಹೊಕ್ಕರ ಹೊರಗ ಬರಂಗಿಲ್ಲ. ಎಲ್ಲಾರಿಗೂ ರೋಗ ಬರ್ತೈತಿ ಅಂತಲ್ಲ. ಆದ್ರ ಇಪ್ಪತ್ತು, ಮೂವತ್ತು, ನಲವತ್ತ ವರ್ಷ ಆದ ಮ್ಯಾಲೂ ಕ್ಯಾನ್ಸರ್ ಆಗಬಹುದು. ನನಗ ಆಗೇತಿ."

ಬೇಗಂಬಿ ಕೋಲು ಬಿಟ್ಟು ಕೌದಿಯಿಂದ ಹಿಂದೆ ಸರಿದರು. ಮಾತು ಕೇಳಿ ಎದ್ದು ಬಂದ ಹುಸೇನಮಿಯಾ ಬಾಗಿಲ ಚೌಕಟ್ಟು ಹಿಡಿದು ನಿಂತರು.

"ನಾ ಕೆಲಸ ಬಿಟ್ಟು ಎಷ್ಟೋ ವರ್ಷ ಆತಲೇ. ಗುತ್ತಿಗೇದಾರನ ಕೈಯಾಗ ದುಡದಾಂವ. ಡಾಕ್ಟರಿಗೂ ಹೊಲದ ಕೆಲಸ ಅಂತ ಹೇಳೀನಿ. ಈಗ ನನ್ನ ಮಾತ ಯಾರ ಕೇಳ್ತಾರ?"

"ಕಾನೂನು ಕೇಳತೈತಿ. ಕಲ್ನಾರಿನಿಂದ ಬರೂ ಕ್ಯಾನ್ಸರನ್ನ ಕೆಲಸದಿಂದ ಬಂದ ರೋಗ ಅಂತ ಕಾನೂನು ಒಪ್ಪೇತಿ. ಕೆಲಸ ಬಿಟ್ಟಾವರೂ ಪರಿಹಾರ ಕೇಳಬಹುದು. ಸತ್ತಾವರ ಮನಿಯವರೂ ಕೇಳಬಹುದು. ಆದ್ರ ಡಾಕ್ಟರಿಗೆ ಖರೇ ಹೇಳಿದ್ರಷ್ಟ ಅವರು ಬರೀತಾರ. ನೀ ಅಲ್ಲಿ ದುಡದಿ ಅನ್ನೂದಕ್ಕ ಸಾಕ್ಷಿ ನಾ ಇದೀನಿ. ಉಸಿರ ಇರೂತನಕ ಇದೀನಿ."

"ಅರ್ಮಾನನ ನೌಕರಿ?"

ಶ್ರೀಪಾಲ ಕೂಸನ್ನು ಇನ್ನೊಂದು ತೋಳಿಗೆ ಬದಲಿಸಿಕೊಂಡರು. "ಅದು ಹೋಗಂಗಿಲ್ಲ ಅಂತ ನಾ ಹೆಂಗ ಹೇಳ್ಲಿ ದೋಸ್ತ. ಚಿಕ್ಕೋಡಿ ಕೋರ್ಟಿನ್ಯಾಗ ಪುಕ್ಕಟೆ ವಕೀಲರನ್ನ ಕೊಡ್ತಾರ. ಅವರನ್ನ ಕೇಳೂಣು."

ಅಷ್ಟರಲ್ಲಿ ಅರ್ಮಾನನ ಬೈಕ್ ಬಂತು. ತಲೆಯಿಂದ ಬೂಟಿನವರೆಗೆ ಬೂದು ಧೂಳು. ಅಪ್ಪನನ್ನು ಕಂಡ ಜಾಸ್ಮಿನ ಶ್ರೀಪಾಲರ ತೋಳಿನಿಂದ ಜಾರಿ ಓಡಿದಳು. ದಿನಾ ಅವನು ಅದೇ ಬಟ್ಟೆಯಲ್ಲಿ ಅವಳನ್ನು ಎತ್ತಿಕೊಂಡು ಮುದ್ದಾಡುತ್ತಿದ್ದ.

"ಅರ್ಮಾನ! ಕೂಸಿನ್ನ ಮುಟ್ಟಬ್ಯಾಡ!"

ಏದುಸಿರಿನ ಹುಸೇನಮಿಯಾ ಎಲ್ಲಿಂದ ಅಷ್ಟು ಜೋರಾಗಿ ಕೂಗಿದರೋ! ಓಡಿಹೋಗಿ ಮೊಮ್ಮಗಳನ್ನು ತಡೆದು, ಅಲ್ಲೇ ಕುಸಿದು ಕುಳಿತು ಅತ್ತರು. "ನನ್ನ ಅಂಗಿ ಇಷ್ಟ ವರ್ಷ ನಿಮ್ಮವ್ವ ಝಾಡಿಸಿ ಒಗದಾಳ. ನೀನೂ ಆ ಧೂಳಿನ್ಯಾಗ ಬೆಳದಿ. ಈ ಕೂಸರೆ ಉಳೀಲಿ. ನಾಳೆ ಡಾಕ್ಟರಿಗೆ ಎಲ್ಲಾ ಹೇಳ್ತೀನಿ. ನೀನೂ ಎದಿ ತೋರಸು. ಕೆಲಸ ಹೋದ್ರ ಹೋಗ್ಲಿ."

ಅರ್ಮಾನ ಹಿತ್ತಲಲ್ಲೇ ಬಟ್ಟೆ ಕಳಚಿ, ನೆನೆಹಾಕಿ, ಸ್ನಾನ ಮಾಡಿ ಒಳಗೆ ಬಂದ. ಬಳಿಕ ಅವನೂ ಬೇಗಂಬಿಯೂ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೌದಿಗೆ ನೀರು ಚಿಮುಕಿಸಿ, ಎರಡು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿಟ್ಟರು. ಆಗ ಜಾಸ್ಮಿನ ಒಮ್ಮೆ ಕೆಮ್ಮಿದಳು. ಬರೀ ನೆಗಡಿ ಇರಬಹುದು. ಆದರೂ ಎಲ್ಲರೂ ಒಮ್ಮೆಲೇ ತಿರುಗಿ ನೋಡಿದರು.

ಓದುವ ಅಕ್ಕ, ಅಣ್ಣಂದಿರೇ, ಈ ಹೆದರಿಕೆ ನಿಮ್ಮ ಮನೆಗೆ ಬರುವುದು ಬೇಡ. ನೀವು ಆಸ್ಬೆಸ್ಟಾಸ್ ಕೆಲಸ ಮಾಡಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ಕೆಲಸದ ಬಟ್ಟೆಯಲ್ಲಿ ಮನೆಯೊಳಗೆ ಬರಬೇಡಿ. ಅಂಥ ಬಟ್ಟೆಯನ್ನು ಸುಡಬೇಡಿ, ಕೊಡವಿ ಝಾಡಿಸಬೇಡಿ. ಎಲ್ಲಿ ಹಾಕಬೇಕೆಂದು ಆರೋಗ್ಯ ಇಲಾಖೆಯವರನ್ನು ಕೇಳಿ. ಪತ್ರಾ ಒಡೆಯುವಾಗಲೂ ಕೊರೆಯುವಾಗಲೂ ಇದೇ ಧೂಳು ಏಳುತ್ತದೆ. ರೋಗ ಗೊತ್ತಾದರೆ ತಡಮಾಡದೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ ಪುಕ್ಕಟೆ ಕಾನೂನು ಸಹಾಯದ 15100ಕ್ಕೆ ಫೋನ್ ಮಾಡಿ. ಬಟ್ಟೆ ಒಗೆದೇ ರೋಗ ಬಂದ ಹೆಂಗಸರು ಪರಿಹಾರ ಕೇಳುವ ದಾರಿ ಬೇರೆ ಇರಬಹುದು, ಅದನ್ನೂ ಕೇಳಿ. ಮೊದಲು ಒಂದು ಕೆಲಸ ಮಾಡಿ. ನಿಮ್ಮ ಮಗು ಹೊದ್ದು ಮಲಗುವ ಕೌದಿಯಲ್ಲಿ ಯಾರ ಅಂಗಿ ಇದೆ ಎಂದು ಇವತ್ತೇ ಮನೆಯಲ್ಲಿ ಕೇಳಿ.