ನಾಲ್ಕು ಬೆರಳು ಬಲಕ್ಕೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಕೋಪ ಜಾಸ್ತಿ. ಬಟ್ಟೆ ಗಿರಣಿಯಲ್ಲಿ ಇಪ್ಪತ್ತಾರು ವರ್ಷ ಬೇರೆಯವರ ತಪ್ಪು ಹುಡುಕಿಯೇ ಸಂಬಳ ತೆಗೆದುಕೊಂಡವಳಿಗೆ ಕೋಪ ಬಾರದೆ ಇನ್ನೇನು ಬರಬೇಕು? ಮಗ್ಗದವರು ನನ್ನನ್ನು ಎದುರಿಗೆ ‘ಅಕ್ಕಾ’ ಎನ್ನುತ್ತಾರೆ, ಬೆನ್ನ ಹಿಂದೆ ‘ಹದ್ದುಗಣ್ಣಿ’ ಎನ್ನುತ್ತಾರೆ. ಬೈಗುಳವೆಂದು ಇಟ್ಟ ಹೆಸರನ್ನು ನಾನು ಬಿರುದಿನ ಹಾಗೆ ಹೊತ್ತುಕೊಂಡು ತಿರುಗಿದೆ.

ನನ್ನ ಮೇಜು ಗಾಜಿನದು. ಓರೆಯಾಗಿ ನಿಂತಿದೆ, ಒಳಗೆ ಟ್ಯೂಬ್‌ಲೈಟು ಉರಿಯುತ್ತದೆ. ಅದರ ಮೇಲೆ ಕೈವಸ್ತ್ರಕ್ಕೆ ಹೋಗುವ ಪಟ್ಟೆ ಪಟ್ಟೆ ಬಟ್ಟೆ, ಎರಡು ಗೇಣು ಅಗಲದ್ದು, ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಹೋಗುತ್ತದೆ. ಎಳೆ ತಪ್ಪಿದ್ದರೆ, ಗಂಟು ಬಿದ್ದಿದ್ದರೆ ಪೆಡಲು ಒತ್ತಿ ನಿಲ್ಲಿಸಿ ಸೀಮೆಸುಣ್ಣದ ಗುರುತು ಹಾಕಬೇಕು. ಶುದ್ಧವಾಗಿದ್ದರೆ ರೋಲಿನ ತುದಿಗೆ ನನ್ನ ಮುದ್ರೆ. ಹೊಸ ಹುಡುಗಿಯರು ಕಣ್ಣನ್ನು ಅತ್ತಿಂದಿತ್ತ ಓಡಿಸಿ ಮಧ್ಯಾಹ್ನದ ಹೊತ್ತಿಗೆ ತಲೆ ಹಿಡಿದುಕೊಂಡು ಕೂರುತ್ತಾರೆ. ನಾನು ಕಲಿಸುವ ಪಾಠ ಒಂದೇ: “ಕಣ್ಣು ನಡುವೆ ನೆಡು. ಅಲುಗಿಸ್ಬೇಡ. ಬಟ್ಟೆ ತಾನೇ ನಿನ್ ಹತ್ರ ಬರುತ್ತೆ.” ಹಾಗೆ ಕೂತು ನಾನು ದಿನಕ್ಕೆ ನಲವತ್ತು ರೋಲು ಮುಗಿಸುತ್ತಿದ್ದೆ. ಬೇರೆ ಯಾರೂ ಇಪ್ಪತ್ತೈದು ದಾಟಿದ್ದಿಲ್ಲ.

ಆ ತಿಂಗಳು ಕೊಂಡವರಿಂದ ಹನ್ನೆರಡು ರೋಲು ವಾಪಸು ಬಂದವು. ಪ್ರತಿಯೊಂದರಲ್ಲೂ ತಪ್ಪು, ಪ್ರತಿಯೊಂದರ ಮೇಲೂ ನನ್ನ ಮುದ್ರೆ.

ನಮ್ಮ ಮ್ಯಾನೇಜರು ಮಾತಿಗೊಮ್ಮೆ ಕೈಗಡಿಯಾರ ನೋಡುವವರು, ಹಾಗಾಗಿ ಎಲ್ಲರ ಬಾಯಲ್ಲೂ ಅವರ ಹೆಸರು ‘ಗಡಿಯಾರ’. ಕಡತದಿಂದ ಬಂದ ಮನುಷ್ಯ, ಮಗ್ಗದಿಂದ ಬಂದವರಲ್ಲ. ರೋಲುಗಳನ್ನು ಬಿಚ್ಚಿಸಿ ನೋಡಿ, “ಎಲ್ಲಾ ಒಂದೇ ಸಾಲಲ್ಲಿದೆ. ಇದು ಯಂತ್ರದ ಕೆಲ್ಸ. ಸುತ್ತೋ ಕಡೆ ಕೊಕ್ಕೆ ಸಿಕ್ಕಿ ಎಳೆ ಕಿತ್ತಿದೆ” ಎಂದು ತೀರ್ಪು ಕೊಟ್ಟರು. ರೋಲು ಸುತ್ತುವವನು ಉದ್ದಣ್ಣ, ಆರಡಿ ಎತ್ತರ, ಕಡಿಮೆ ಮಾತಿನ ಮನುಷ್ಯ. “ನನ್ ಯಂತ್ರದಲ್ಲಿ ಕೊಕ್ಕೆನೇ ಇಲ್ಲ ಸಾರ್” ಎಂದ. “ಅಕ್ಕನ ಮುದ್ರೆ ಇದೆ. ಅಕ್ಕ ತಪ್ತಾರಾ?” ಎಂದರು ಗಡಿಯಾರ. ಉದ್ದಣ್ಣ ನನ್ನ ಕಡೆ ನೋಡಿದ. ನಾನು ತಲೆ ಆಡಿಸಿದೆ. ತಪ್ಪುವುದಿಲ್ಲ ಎಂದೇ ಆಡಿಸಿದೆ. ವಿಚಾರಣೆ ಮುಗಿಯುವವರೆಗೆ ಅವನನ್ನು ಮನೆಗೆ ಕಳಿಸಿದರು.

ಮಾರನೆಯ ದಿನ ಊಟದ ಬಿಡುವಿನಲ್ಲಿ ವಾಪಸು ಬಂದ ರೋಲೊಂದನ್ನು ಕೈಗೆತ್ತಿಕೊಂಡೆ. ಕಿತ್ತ ಎಳೆಗೆ ಹರಿದ ತುದಿಯ ಬಾಲವಿರುತ್ತದೆ, ನೇಯುವಾಗಲೇ ತಪ್ಪಿದ ಎಳೆಗೆ ಇರುವುದಿಲ್ಲ. ಇಲ್ಲಿ ಬಾಲವಿರಲಿಲ್ಲ. ಇದು ಮಗ್ಗದ ತಪ್ಪು, ಅಂದರೆ ನನ್ನ ಮೇಜು ದಾಟಿ ಹೋದ ತಪ್ಪು. ಟೇಪು ಹಿಡಿದು ಅಳೆದೆ. ಹನ್ನೆರಡರಲ್ಲೂ ನಡುವಿನಿಂದ ನಾಲ್ಕು ಬೆರಳು ಬಲಕ್ಕೆ, ಎರಡು ಬೆರಳು ಅಗಲದ ಪಟ್ಟಿಯಲ್ಲೇ ತಪ್ಪುಗಳೆಲ್ಲ ಕೂತಿದ್ದವು.

ರೋಲನ್ನು ನನ್ನ ಮೇಜಿಗೇ ಏರಿಸಿದೆ. ತಪ್ಪಿದ ಎಳೆಯ ಮೇಲೆ ಬೆರಳಿಟ್ಟೆ. ನೇರ ನೋಡಿದರೆ ಇದೆ. ಕಣ್ಣನ್ನು ನಡುವೆ ನೆಟ್ಟೆ. ಎಳೆಯ ತಪ್ಪು ಮಾಯ. ಅದು ಹೋಗಲಿ, ನನ್ನ ಬೆರಳ ತುದಿಯೂ ಮಾಯ! ಬೆರಳಿದ್ದ ಜಾಗದಲ್ಲಿ ಕಪ್ಪು ಕಾಣಲಿಲ್ಲ, ತೂತು ಕಾಣಲಿಲ್ಲ. ನೀಲಿ ಪಟ್ಟೆ, ಬಿಳಿ ಪಟ್ಟೆ, ಸಾಲಾಗಿ, ಅಚ್ಚುಕಟ್ಟಾಗಿ ಇಳಿಯುತ್ತಿದ್ದವು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ನನಗೆ ಆ ಮೇಜಿನ ಭಯವಾಯಿತು.

ಕನ್ನಡಕದ ಅಂಗಡಿಯವನು ಪರೀಕ್ಷಿಸಿ, “ಕಣ್ಣು ಚೆನ್ನಾಗಿದೆಯಮ್ಮ, ಇನ್ನೂ ಹತ್ತು ವರ್ಷ ಯೋಚ್ನೆ ಇಲ್ಲ” ಎಂದ. ಅವನ ತಲೆ ಮೇಲೆ ಅವನ ಕನ್ನಡಕವನ್ನೇ ಕುಕ್ಕಬೇಕೆನಿಸಿತು. ಬದಲಿಗೆ ತಂಗಿಯ ಮಗಳು ಪುಟ್ಟಿಗೆ ಫೋನು ಮಾಡಿದೆ. ದೊಡ್ಡ ಆಸ್ಪತ್ರೆಯಲ್ಲಿ, ಮಿದುಳು ಹೇಗೆ ನೋಡುತ್ತದೆ ಎಂದು ಅಳೆಯುವ ಕೋಣೆಯಲ್ಲಿ ಅವಳಿಗೆ ಕೆಲಸ.

“ದೊಡ್ಡಮ್ಮ, ಒಂದೊಂದೇ ಕಣ್ಣು ಮುಚ್ಚಿ ನೋಡಿದ್ರಾ? ಎರಡರಲ್ಲೂ ಅದೇ ಜಾಗ ಹೋಗುತ್ತಾ?”

“ಎರಡರಲ್ಲೂ.”

“ಹಾಗಾದ್ರೆ ತೊಂದ್ರೆ ಕಣ್ಣಲ್ಲಿಲ್ಲ. ನಾಳೆನೇ ಬನ್ನಿ” ಎಂದಳು.

ಗಲ್ಲವನ್ನು ಒಂದು ಆಸರೆಯ ಮೇಲಿಟ್ಟು, ಪರದೆಯ ನಡುವಿನ ಚುಕ್ಕೆಯನ್ನೇ ನೋಡುತ್ತಾ, ಬೆಳಕು ಮಿಣುಕಿದಾಗಲೆಲ್ಲ ಗುಂಡಿ ಒತ್ತಬೇಕು. ಅಲುಗದೆ ಕೂರುವುದರಲ್ಲಿ ನನಗೆ ಯಾರು ಸಾಟಿ? ಅರ್ಧ ಗಂಟೆಯ ಮೇಲೆ ಅವಳು ಕಾಗದವೊಂದನ್ನು ತೋರಿಸಿದಳು. ನಡುವಿನಿಂದ ಬಲಕ್ಕೆ, ನಿಲ್ಲಿಸಿದ ಕಡಲೆಕಾಯಿಯಂತೆ ಒಂದು ಕಪ್ಪು ಕಲೆ. ತಲೆಯ ಚಿತ್ರ ತೆಗೆದಾಗ ಹಿಂಭಾಗದಲ್ಲಿ, ಎಡಕ್ಕೆ, ಅದರ ಜೋಡಿ ಸಿಕ್ಕಿತು; ಬಲಗಡೆಯದನ್ನು ನೋಡುವುದು ಮಿದುಳಿನ ಎಡಭಾಗವಂತೆ. ಯಾವಾಗಲೋ ರಕ್ತ ಹರಿಯುವುದು ನಿಂತು ಅಷ್ಟು ಜಾಗ ಒಣಗಿದೆ ಎಂದು ಡಾಕ್ಟರು ಮಾತ್ರೆ ಬರೆದರು. ಯಾವಾಗಲೋ ಏನು, ನನಗೆ ದಿನವೇ ನೆನಪಿದೆ. ಎರಡು ತಿಂಗಳ ಹಿಂದೆ ತಲೆ ಸಿಡಿದುಹೋಗುವಂತೆ ನೋವು ಬಂದಿತ್ತು, ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗಿ ಬೆಳಿಗ್ಗೆ ಕೆಲಸಕ್ಕೆ ಹೋಗಿದ್ದೆ. ನನ್ನಂಥ ಮೊಂಡರಿಗೆ ಯಾರು ಬುದ್ಧಿ ಹೇಳುತ್ತಾರೆ?

“ನೋಡೋದು ಕಣ್ಣಲ್ಲ ದೊಡ್ಡಮ್ಮ, ಕಣ್ಣು ಬರೀ ಸುದ್ದಿ ಕಳ್ಸುತ್ತೆ,” ಎಂದಳು ಪುಟ್ಟಿ. “ತಲೆ ಹಿಂದೆ ಒಂದು ಪದರ ಇದೆ. ಅದ್ರಲ್ಲಿ ಒಂದೊಂದು ಚೂರು, ಎದುರಿಗಿರೋ ಒಂದೊಂದು ಚೂರನ್ನ ಕಾಯುತ್ತೆ. ನಿಂತ ಗೆರೆ ಬಂದ್ರೆ ಕೂಗೋ ಕೋಶಗಳೇ ಬೇರೆ, ಮಲಗಿದ ಗೆರೆಗೆ ಕೂಗೋವೇ ಬೇರೆ. ಅಕ್ಕಪಕ್ಕದವೆಲ್ಲ ಒಂದಕ್ಕೊಂದು ಮಾತಾಡ್ತಾನೇ ಇರ್ತವೆ. ನಿಮ್ಮಲ್ಲಿ ಒಂದು ಚೂರು ಮೂಕ ಆಗಿದೆ. ಸುತ್ತ ಇರೋವು ‘ನಮ್ ಹತ್ರ ಪಟ್ಟೆ ಇದೆ’ ಅಂತವೆ. ಮಿದುಳು, ಹಾಗಾದ್ರೆ ನಡುವೆನೂ ಪಟ್ಟೆನೇ ಇರ್ಬೇಕು ಅಂತ ತುಂಬಿಬಿಡುತ್ತೆ.”

“ನೋಡ್ದೇನೇ?”

“ನೋಡ್ದೇನೇ.”

ಅಂದರೆ ನನ್ನ ತಲೆಯೊಳಗೆ ಇನ್ನೊಂದು ಮಗ್ಗವಿತ್ತು, ನನ್ನನ್ನು ಕೇಳದೆ ನೇಯುತ್ತಿತ್ತು. ಬೇರೆಯವರ ತಟ್ಟೆಯ ನೊಣ ತೋರಿಸುತ್ತಾ ಬದುಕಿದವಳ ತಟ್ಟೆಯಲ್ಲೇ ಹೆಗ್ಗಣ ಬಿದ್ದಿತ್ತು. ಕಣ್ಣಾಡಿಸುವ ಹುಡುಗಿಯರಾಗಿದ್ದರೆ ಕಲೆ ಅಲ್ಲಿ ಇಲ್ಲಿ ಓಡಾಡಿ ತಪ್ಪು ಹೇಗೋ ಸಿಕ್ಕುತ್ತಿತ್ತು. ಕಣ್ಣು ನೆಟ್ಟು ಕೂರುವ ನನ್ನ ಜಾಣತನವೇ ಆ ಕಲೆಯನ್ನು ಬಟ್ಟೆಯ ಉದ್ದಕ್ಕೂ ಎಳೆದುಕೊಂಡು ಹೋಗಿತ್ತು.

“ಆ ಒಣಗಿದ ಚೂರು ಮತ್ತೆ ಬೆಳೆಯುತ್ತಾ?” ಎಂದು ಕೇಳಿದೆ.

“ಇಷ್ಟು ದಿನ ಆದ್ಮೇಲೆ ಕಷ್ಟ. ಆದ್ರೆ ಕಣ್ಣು ಓಡಿಸೋದು ಕಲೀಬಹುದು. ಕಣ್ಣನ್ನ ಆಗಾಗ ಬಲಕ್ಕೆ ಹಾರಿಸಿ, ವಾಪಸು ತನ್ನಿ. ಹಳೇ ಅಭ್ಯಾಸ ಬಿಡೋದು ಸುಲಭ ಅಲ್ಲ.”

“ಸುಲಭಾನಾ ಅಂತ ನಾನು ಕೇಳಿದ್ನೇನೇ?”

ಗಿರಣಿಗೆ ರಜೆ ಹಾಕಿ, ಮನೆಯ ಗೋಡೆಗೆ ಪಟ್ಟೆ ಬಟ್ಟೆ ಹರಡಿ ಮೊಳೆ ಹೊಡೆದೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ನಡು, ಬಲ, ನಡು, ಎಡ. ಮೂರನೆಯ ದಿನ ವಾಂತಿಯಾಯಿತು. ನಾನೇ ಬೈದು ಅಳಿಸಿದ್ದ ಹುಡುಗಿಯರ ಮುಖ ಒಂದೊಂದಾಗಿ ನೆನಪಾಯಿತು. ಕಣ್ಣು ತನ್ನಷ್ಟಕ್ಕೆ ನಡುವೆ ಹೋಗಿ ಕೂತುಬಿಡುತ್ತಿತ್ತು, ಕೂತ ಕೂಡಲೇ ಬಟ್ಟೆ ಚೆಂದವಾಗಿಬಿಡುತ್ತಿತ್ತು. ಕೈಯಲ್ಲಿ ಒಂದು ಚಮಚ ಹಿಡಿದು, ಕಣ್ಣು ನಿಂತಾಗಲೆಲ್ಲ ಮೊಣಕಾಲಿಗೆ ಬಡಿದುಕೊಂಡೆ. ಮೊಣಕಾಲು ನೀಲಿಯಾಯಿತು, ಆದರೆ ಕಣ್ಣು ಬಗ್ಗಿತು.

ಇಷ್ಟರಲ್ಲಿ ಉದ್ದಣ್ಣ ಮನೆಯಲ್ಲಿ ಕೂತು ಒಂಬತ್ತು ದಿನವಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಕಲಿತು ಮುಗಿದ ಮೇಲೆ ಹೇಳೋಣ ಎಂದು ನಾನು ದಿನ ತಳ್ಳುತ್ತಿದ್ದೆ, ಸುಳ್ಳೇಕೆ ಹೇಳಲಿ. ಹೇಳಿದರೆ ನನ್ನ ಕುರ್ಚಿ ಹೋಗುತ್ತದೆ ಎಂಬ ಹೆದರಿಕೆ ಇತ್ತು. ಆ ಕುರ್ಚಿ ಬಿಟ್ಟರೆ ನಾನು ಯಾರು ಎಂದು ನನಗೇ ಗೊತ್ತಿರಲಿಲ್ಲ. ಹತ್ತನೆಯ ಬೆಳಿಗ್ಗೆ ಗಡಿಯಾರದ ಮೇಜಿನ ಮೇಲೆ ಪುಟ್ಟಿ ಕೊಟ್ಟ ಕಾಗದವನ್ನೂ ನನ್ನ ಮುದ್ರೆಯನ್ನೂ ಇಟ್ಟೆ.

“ತಪ್ಪು ನಂದು. ಮೊದ್ಲು ಅವ್ನನ್ನ ಕರೆಸಿ. ಆಮೇಲೆ ನನಗೊಂದು ರೋಲು ಕೊಡಿ, ಪರೀಕ್ಷೆ ಮಾಡಿ. ಪಾಸಾದ್ರೆ ಕುರ್ಚಿ ಕೊಡಿ, ಇಲ್ಲಾಂದ್ರೆ ನಾನೇ ಹೋಗ್ತೀನಿ.”

ಅವರು ಕಾಗದ ನೋಡಿದರು, ನನ್ನ ಮುಖ ನೋಡಿದರು. ಕೈಗಡಿಯಾರ ನೋಡಲಿಲ್ಲ.

ಮಧ್ಯಾಹ್ನ ಉದ್ದಣ್ಣ ಬಂದ. ಎಲ್ಲರ ಮುಂದೆ ಅವನ ಹತ್ತಿರ ಹೋಗಿ, “ತಪ್ಪಾಯ್ತಪ್ಪ. ಅವತ್ತು ನಾನು ತಲೆ ಆಡಿಸ್ಬಾರ್ದಿತ್ತು” ಎಂದೆ. ಅವನು ಕೈಕಟ್ಟಿ ಮೇಜಿನ ಪಕ್ಕ ನಿಂತ. ಗಡಿಯಾರ ಬೇರೆ ವಿಭಾಗದವರಿಂದ ನೋಡಿಸಿ ಏಳು ತಪ್ಪು ಪಟ್ಟಿ ಮಾಡಿಟ್ಟಿದ್ದ ರೋಲೊಂದನ್ನು ಏರಿಸಿದರು.

ನಡು, ಬಲ, ನಡು, ಎಡ. ಬಟ್ಟೆಯನ್ನು ನಿಧಾನಕ್ಕೆ ಬಿಟ್ಟೆ. ಒಂದು ಗಂಟು, ಪೆಡಲು, ಗುರುತು. ತಪ್ಪಿದ ಎಳೆ, ಪೆಡಲು, ಗುರುತು. ಬೆನ್ನಿನಲ್ಲಿ ಬೆವರು ಹರಿಯಿತು. ಏಳನೆಯದು ಸಿಕ್ಕಾಗ ಗಡಿಯಾರ ಪಟ್ಟಿ ಮಡಚಿದರು. “ಆಯ್ತಕ್ಕ, ಏಳೂ ಸಿಕ್ತು. ಸಾಕು.”

“ಇನ್ನೂ ಬಟ್ಟೆ ಇದೆ.”

ಕೊನೆಯ ನಾಲ್ಕು ಮೀಟರು ಇಳಿಯಿತು. ಕನ್ನಡಿಯ ಹಾಗಿತ್ತು, ಒಂದು ಕೊರತೆ ಇಲ್ಲ. ಅಷ್ಟು ಚೆಂದ ಕಂಡದ್ದೇ ನನಗೆ ಸಂಶಯ ತಂದಿತು. ಏಳು ಸಿಕ್ಕ ಸಂತೋಷದಲ್ಲಿ ಕಣ್ಣು ನಿಂತಿತ್ತೇ, ಓಡಿತ್ತೇ? ನನಗೆ ಗೊತ್ತಿರಲಿಲ್ಲ. ಪೆಡಲು ಒತ್ತಿ ನಿಲ್ಲಿಸಿ, ಹಿಂದಕ್ಕೆ ಸುತ್ತಿದೆ.

“ಅಲ್ಲಿ ಏನೂ ಇಲ್ಲ ಅಕ್ಕ, ಪಟ್ಟಿಯಲ್ಲೂ ಇಲ್ಲ. ಹೊತ್ತಾಗ್ತಾ ಇದೆ,” ಎಂದರು ಗಡಿಯಾರ.

“ಪಟ್ಟಿ ಮಾಡ್ದೋರಿಗೂ ಕಣ್ಣು ನಿಂತಿರ್ಬಹುದು ಸಾರ್.”

“ಎಷ್ಟು ಸಲ ನೋಡ್ತೀರಿ?”

ಆಗ ಉದ್ದಣ್ಣ ಕಟ್ಟಿದ್ದ ಕೈ ಬಿಚ್ಚಿದ. “ನೋಡ್ಲಿ ಬಿಡಿ ಸಾರ್,” ಎಂದ. “ಒಂದೇ ಸಲ ನೋಡಿದ್ದಕ್ಕೆ ನಾನು ಒಂಬತ್ತು ದಿನ ಮನೇಲಿ ಕೂತೆ.”

ನಾಲ್ಕು ಮೀಟರನ್ನೂ ಮತ್ತೆ ಇಳಿಸಿದೆ. ಬಲಕ್ಕೆ ಹೋಗಿ ಬಂದೆ, ಬಲಕ್ಕೆ ಹೋಗಿ ಬಂದೆ, ಒಂದೊಂದು ಪಟ್ಟೆಯನ್ನೂ ಕಣ್ಣಿನಿಂದ ಮುಟ್ಟಿ ಬಂದೆ. ಗಂಟು ಇರಲಿಲ್ಲ, ಎಳೆ ತಪ್ಪಿರಲಿಲ್ಲ. ಬಟ್ಟೆ ನಿಜವಾಗಿಯೂ ಚೆನ್ನಾಗಿತ್ತು. ನನಗೆ ಅಳು ಬಂತು, ಒರೆಸಿಕೊಳ್ಳದೆ ಗಡಿಯಾರದ ಕಡೆ ಕೈ ಚಾಚಿದೆ. ಅವರು ಮುದ್ರೆಯನ್ನು ನನ್ನ ಅಂಗೈಯಲ್ಲಿಟ್ಟರು.