ಅಂಗಾಲಿನ ಕನ್ನಡಿ

ನಾನು ಹುಟ್ಟಿದ್ದೇ ಉಳಿಕೆಯಾಗಿ. ಹುಬ್ಬಳ್ಳಿಯ ಗಾಜಿನ ಅಂಗಡಿಯೊಂದರಲ್ಲಿ ಯಾರದೋ ಮದುವೆಯ ಕಪಾಟಿಗೆಂದು ಆಳೆತ್ತರದ ಕನ್ನಡಿ ಕತ್ತರಿಸಿದಾಗ ಅಂಚಿನಲ್ಲಿ ಮಿಕ್ಕ ತುಂಡು ನಾನು. ಎಸೆಯಲು ಮನಸ್ಸಾಗದೆ ಬಡಗಿಯೊಬ್ಬ ನನಗೆ ಸಾಗವಾನಿಯ ಚೌಕಟ್ಟು ಹಾಕಿ ಹಿಡಿಯುವುದಕ್ಕೊಂದು ಹಿಡಿ ಕೂರಿಸಿದ. ಹಾಗೆ ಕೈಗನ್ನಡಿಯಾಗಿ ಗದಗಿನ ಸಂತೆಪೇಟೆಯ ಬಸವಣ್ಣೆಪ್ಪನ ಕ್ಷೌರದಂಗಡಿಗೆ ಬಂದೆ.

ಅಲ್ಲಿ ಗೋಡೆಗೆ ದೊಡ್ಡ ಕನ್ನಡಿಯಿತ್ತು. ಮುಖ ತೋರಿಸುವುದು ಅದರ ಪಾಲು, ತಲೆಯ ಹಿಂಭಾಗ ತೋರಿಸುವುದು ನನ್ನ ಪಾಲು. ಕೂದಲು ಕತ್ತರಿಸಿ ಮುಗಿದ ಮೇಲೆ ಬಸವಣ್ಣೆಪ್ಪ ನನ್ನನ್ನು ಗಿರಾಕಿಯ ಕುತ್ತಿಗೆಯ ಹಿಂದೆ ಹಿಡಿದು, ಗೋಡೆಯ ಕನ್ನಡಿಯಲ್ಲಿ ನೋಡಿಕೊಳ್ಳಿ ಎನ್ನುತ್ತಿದ್ದ. ಬಹಳ ಜನ ನೋಡುತ್ತಲೇ ಇರಲಿಲ್ಲ. "ಛಲೋ ಆತು ಬಿಡ" ಎಂದು ಎದ್ದುಬಿಡುವರು. ತಮ್ಮ ಬೆನ್ನಿಗಿರುವುದನ್ನು ನೋಡಲು ಮನುಷ್ಯರಿಗೆ ಅಂಥ ಆಸೆಯೇನೂ ಇಲ್ಲವೆಂದು ನಾನು ಅಲ್ಲೇ ತಿಳಿದೆ.

ಬಸವಣ್ಣೆಪ್ಪನದು ನಿಂತು ಮಾಡುವ ಕಸಬು. ಒಬ್ಬ ಗಿರಾಕಿ ಎದ್ದು ಇನ್ನೊಬ್ಬ ಕೂರುವ ನಡುವೆ ಹೊರಗಿನ ಮೆಟ್ಟಿಲ ಮೇಲೆ ಒಂದು ಬೀಡಿ. ಸಕ್ಕರೆ ಕಾಯಿಲೆ ಬಂದು ವರ್ಷಗಳಾಗಿದ್ದವು. ಗುಳಿಗೆ ನೆನಪಾದರೆ ನುಂಗುತ್ತಿದ್ದ. ಕ್ಷೌರವಲ್ಲದೆ ಅವನಿಗೆ ಇನ್ನೊಂದರಲ್ಲಿ ಹೆಸರಿತ್ತು, ಅಂಗಾಲಿನ ಆಣಿ ತೆಗೆಯುವುದರಲ್ಲಿ. ಸಂತೆಯ ಹಮಾಲರು ಬಂದು ಅಂಗಾಲು ಒಡ್ಡಿ ಕೂರುವರು. ಬಿಸಿನೀರಲ್ಲಿ ನೆನೆಸಿ, ಕತ್ತಿಯಿಂದ ಎಳೆ ಎಳೆಯಾಗಿ ಸವರಿ, ಹನಿ ರಕ್ತ ಬಾರದಂತೆ ಆಣಿ ಕಿತ್ತು ಕೈಗಿಡುತ್ತಿದ್ದ. ಅವನ ಅಪ್ಪ ಕಲಿಸಿದ ವಿದ್ಯೆ ಅದು.

ಒಂದು ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಅವನು ತನ್ನದೇ ಎಡಗಾಲಿನ ಆಣಿಗೆ ಕೈಹಾಕಿದ. ನನ್ನನ್ನು ಬಿಸಿನೀರಿನ ಬೋಗುಣಿಗೆ ಒರಗಿಸಿ, ನನ್ನಲ್ಲಿ ನೋಡುತ್ತ ಸವರಿದ. ನೋವಾಗಲಿಲ್ಲ. ತನ್ನ ಕೈ ಎಷ್ಟು ಹಗುರ ಎಂದು ಅವನಿಗೆ ಹಿಗ್ಗು. ಸಕ್ಕರೆ ಕಾಯಿಲೆಯಿಂದ ಕಾಲಿಗೆ ನೋವೇ ತಿಳಿಯದಂತಾಗಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಬೋಗುಣಿಯ ನೀರು ಕೆಂಪಾದಾಗಲೇ ಕತ್ತಿ ನಿಂತದ್ದು. ಗಡ್ಡ ಹೆರೆಯುವಾಗ ಕೊಯ್ದರೆ ಮಾಡುವಂತೆ ಪಟಿಕ ಉಜ್ಜಿ, ಬಟ್ಟೆ ಸುತ್ತಿ, ಮುಂದಿನ ಗಿರಾಕಿಗೆ ನಿಂತ.

ಹೆಂಡತಿ ಸಾವಂತ್ರೆವ್ವನಿಗೆ ಅವನು ಏನೂ ಹೇಳಲಿಲ್ಲ. ಅವನು ನಡೆದ ನೆಲದ ಮೇಲೆ ಒದ್ದೆ ಕಲೆ ಬಿದ್ದದ್ದನ್ನು ಒರೆಸುವಾಗ ಅವಳೇ ಕಂಡಳು. ದವಾಖಾನೆಗೆ ಕರೆದೊಯ್ದಳು. ಆ ಕಾಲಿನ ಮೇಲೆ ಭಾರ ಹಾಕಬಾರದು, ಗುಳಿಗೆ ತಪ್ಪಿಸಬಾರದು, ಬೀಡಿ ಮುಟ್ಟಲೇಬಾರದು ಎಂದರಂತೆ ಅಲ್ಲಿನ ಡಾಕ್ಟರಮ್ಮ. ಬೀಡಿಯ ಹೊಗೆಗೆ ರಕ್ತನಾಳ ಸಣ್ಣದಾಗುತ್ತದೆ, ರಕ್ತ ಹೋಗದ ಕಡೆ ಗಾಯ ಮಾಯುವುದು ಹೇಗೆ ಎಂದು ಕೇಳಿದರಂತೆ. ದಿನಾ ಅಂಗಾಲು ನೋಡಿಕೊಳ್ಳಬೇಕು, ಮನೆಯಲ್ಲಿ ಕನ್ನಡಿಯಿದೆಯೇ ಎಂದದ್ದಕ್ಕೆ ಬಸವಣ್ಣೆಪ್ಪ ನಕ್ಕನಂತೆ. ಹೀಗೆ ನಾನು ಅವನ ಕೈಯಿಂದ ಅವಳ ಕೈಗೆ ಬಂದೆ.

ದಿನಾ ಮುಂಜಾನೆ ಅವನು ಮಂಚದ ಮೇಲೆ ಕೂತು ಸ್ಟೂಲಿನ ಮೇಲೆ ಕಾಲಿಡುತ್ತಿದ್ದ. ಅವಳು ಕೆಳಗೆ ಕೂತು ಹಳೆಯ ಪಟ್ಟಿ ಬಿಚ್ಚಿ, ಗಾಯ ತೊಳೆದು, ನನ್ನನ್ನು ಅಂಗಾಲಿನ ಕೆಳಗೆ ಹಿಡಿದು ಬಗ್ಗಿ ನೋಡುತ್ತಿದ್ದಳು. ಗಾಯ ಹುಣಸೆ ಬೀಜದಷ್ಟಿತ್ತು. ಅವನು ನೋಡುತ್ತಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿ, ಹೆಂಗೈತಿ ಎಂದು ಕೇಳುತ್ತಿದ್ದ.

"ನಿನ್ನಿಗಿಂತ ಸಣ್ಣದಾಗೇತ್ರಿ" ಎಂದಳು ಅವಳು, ಮೊದಲ ದಿನವೇ.

ಆಗಿರಲಿಲ್ಲ. ನನ್ನೊಳಗೆ ಒಂದು ಬದಿಗೆ ಗಾಯ, ಇನ್ನೊಂದು ಬದಿಗೆ ಅವಳ ಮುಖ ಎರಡೂ ಇದ್ದವು. ಸುಳ್ಳು ಅವಳ ಬಾಯಿಂದ ಸಲೀಸಾಗಿ ಬಂತು. ಹೊಟ್ಟೆನೋವಿದ್ದಾಗ ಏನಿಲ್ಲ, ಹಸಿದಾಗ ಹಸಿವಿಲ್ಲ, ಅತ್ತಾಗ ಕಣ್ಣಿಗೆ ಕಸ ಬಿತ್ತು ಎಂದೇ ಸಂಸಾರ ಮಾಡಿದವಳು. ಹೆದರಿದರೆ ಇನ್ನಷ್ಟು ಸೇದುತ್ತಾನೆ, ಸಮಾಧಾನವಿದ್ದರೆ ತಾನಾಗಿ ಬಿಡುತ್ತಾನೆ ಎಂಬುದು ಅವಳ ಲೆಕ್ಕವಾಗಿತ್ತು. ದಿನವೂ ಗಾಯವನ್ನು ಮಾತಿನಲ್ಲಿ ಒಂದಿಷ್ಟು ಸಣ್ಣದು ಮಾಡುತ್ತಿದ್ದಳು. ಗಾಯ ಮಾತ್ರ ಅಡಿಕೆಯಷ್ಟಾಯಿತು. ಅದರ ಅಂಚು ಬಿಳಿಚಿ ದಪ್ಪವಾಯಿತು. ಪಟ್ಟಿ ಬಿಚ್ಚುವಾಗಿನ ವಾಸನೆಗೆ ಅವಳು ಮೊದಲೇ ಊದಿನಕಡ್ಡಿ ಹಚ್ಚಿಡತೊಡಗಿದಳು.

ಒಂದು ದಿನ ಅಂಗಡಿಗೆ ಬುತ್ತಿ ಒಯ್ದವಳು ಬಾಗಿಲ ಮರೆಯಲ್ಲೇ ನಿಂತಳಂತೆ. ಮೆಟ್ಟಿಲ ಮೇಲೆ ಗಂಡ ಬೀಡಿ ಹಚ್ಚಿಕೊಂಡು ಪಕ್ಕದ ಸೈಕಲ್ ಅಂಗಡಿಯ ಹುಸೇನಸಾಬನಿಗೆ ಹೇಳುತ್ತಿದ್ದ. ಆ ಮಾತನ್ನು ಅವಳು ಮರುದಿನ ಅವನಿಗೇ ತಿರುಗಿ ಹೇಳಿದ್ದರಿಂದ ನನಗೂ ಗೊತ್ತಾಯಿತು: "ಇಷ್ಟ ಸೇದಿದ್ರೂ ಮಾಯಾಕ ಹತ್ತೇತಿ ನೋಡ. ಬೀಡೀದೇನ ತಪ್ಪಿಲ್ಲ ಬಿಡ, ಡಾಕ್ಟರ್ ಮಂದಿ ಸುಮ್ನ ಅಂತಾರ."

ಅದೇ ಸಂಜೆ ದವಾಖಾನೆಯಲ್ಲಿ, ಅವನು ಸೇದಲು ಹೊರಗೆ ಹೋಗಿದ್ದಾಗ, ಡಾಕ್ಟರಮ್ಮ ಅವಳೊಬ್ಬಳಿಗೇ ಹೇಳಿದ್ದರಂತೆ. ಗಾಯದ ಅಂಚು ಕಪ್ಪಾಗುತ್ತಿದೆ. ಹೀಗೇ ಆದರೆ ಮೊದಲು ಬೆರಳು, ಆಮೇಲೆ ಪಾದ ತೆಗೆಯಬೇಕಾದೀತು.

ಮರುದಿನ ಅವಳು ಊದಿನಕಡ್ಡಿ ಹಚ್ಚಲಿಲ್ಲ. ಗಾಯ ತೊಳೆದಳು. ಹೆಂಗೈತಿ ಎಂದು ಅವನು ಗೋಡೆಯನ್ನು ಕೇಳಿದ. ಅವಳು ನನ್ನನ್ನು ತಂಬಿಗೆಗೆ ಒರಗಿಸಿ, ಗಾಯ ಅವನಿಗೇ ಕಾಣುವಂತೆ ಓರೆಯಾಗಿಸಿದಳು.

"ನೀವ ನೋಡ್ರಿ."

"ನೀ ಹೇಳ. ದಿನಾ ನೀನ ಹೇಳ್ತಿ."

"ನಾ ಹೇಳಿದ್ದೆಲ್ಲ ಸುಳ್ಳ."

ಅವನು ತಿರುಗಿ ನೋಡಿದ. ಇಡೀ ಪೇಟೆಯ ಅಂಗಾಲುಗಳನ್ನು ಕಂಡ ಕಣ್ಣು ಅದು. ಹೇಳಿಕೊಡುವ ಅಗತ್ಯವಿರಲಿಲ್ಲ.

"ಯಾವಾಗಿಂದ?"

"ಮೊದಲಿಂದ."

ಅವನಿಗೆ ಸಿಟ್ಟು ಬಂದದ್ದು ಗಾಯದ ಮೇಲಲ್ಲ, ಅವಳ ಮೇಲೆ. ತನ್ನನ್ನು ಕೂಸು ಮಾಡಿದೆ ಎಂದ. ಆಗಲೇ ಅವಳು ಮೆಟ್ಟಿಲ ಮಾತನ್ನೂ ಡಾಕ್ಟರಮ್ಮನ ಮಾತನ್ನೂ ಹೇಳಿದ್ದು. ಅವನು ಅಂಗಿಯ ಕಿಸೆಯಿಂದ ಬೀಡಿ ಕಟ್ಟು ತೆಗೆದು ಅವಳ ಉಡಿಗೆ ಎಸೆದ. ಅವಳು ಅದನ್ನು ಒಯ್ದು ಬಚ್ಚಲ ಒಲೆಗೆ ಹಾಕಿದಳು. ಒಂದೇ ಸಲ ಇಡೀ ಕಟ್ಟು ಹೊತ್ತಿ ಮನೆಯೆಲ್ಲ ಬೀಡಿಯ ಘಮ. ಕಾಲೆಳೆಯುತ್ತ ಅವನು ಬಚ್ಚಲ ಬಾಗಿಲಿಗೆ ಬಂದು, ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದ. ಅವಳು ಬೈಯುತ್ತ ಒಲೆಗೆ ನೀರು ಸುರಿದಳು.

ಆಮೇಲಿನ ದಿನಗಳು ಒಳ್ಳೆಯವಾಗಿರಲಿಲ್ಲ. ಬಾಯಿ ಬೀಡಿ ಕೇಳಿದಾಗಲೆಲ್ಲ ಅವನು ಕತ್ತರಿ ಹಿಡಿದು ಗಾಳಿಯಲ್ಲಿ ಆಡಿಸುತ್ತಿದ್ದ. ಚಕಚಕ, ಚಕಚಕ. ಖಾಲಿ ಕತ್ತರಿ ಆಡಿಸಿದರೆ ಮನೆಯಲ್ಲಿ ಜಗಳವಾಗುತ್ತದೆಂದು ಸಾವಂತ್ರೆವ್ವ ನೆರೆಮನೆಯ ಮಕ್ಕಳನ್ನು ಗದರಿದವಳು. ಈಗ ಆ ಸಪ್ಪಳ ಕೇಳಿದರೆ ಒಂದು ಬೀಡಿ ತಪ್ಪಿತು ಎಂದುಕೊಂಡು ರೊಟ್ಟಿ ಬಡಿಯುತ್ತಿದ್ದಳು. ಜಗಳವೂ ಆಗುತ್ತಿತ್ತು. ಪಲ್ಯದಲ್ಲಿ ಉಪ್ಪಿಲ್ಲವೆಂದು ತಾಟು ಸರಿಸುವನು. ಒಮ್ಮೆ ಅವನ ಟವೆಲಿನ ಮಡಿಕೆಯಲ್ಲಿ ಅರ್ಧ ಸೇದಿದ ಬೀಡಿ ಸಿಕ್ಕಿತು. ಮರುದಿನ ಪಟ್ಟಿ ಬಿಚ್ಚುವಾಗ ಅವಳು ಅದನ್ನು ನನ್ನ ಗಾಜಿನ ಮೇಲೆ, ಗಾಯದ ಪ್ರತಿಬಿಂಬದ ಪಕ್ಕಕ್ಕೆ ಇಟ್ಟಳು.

ಕೂತೇ ಕ್ಷೌರ ಮಾಡಲೆಂದು ಅಂಗಡಿಗೆ ಎತ್ತರದ ಸ್ಟೂಲು ಬಂತು. ಈಗ ಗಿರಾಕಿ ನಿಲ್ಲಬೇಕೋ ಕೂರಬೇಕೋ ಎಂದು ಹುಸೇನಸಾಬ ಕೆಣಕಿದನಂತೆ. ನಿನ್ನ ತಲೆಯಲ್ಲಿ ಇರುವ ನಾಲ್ಕು ಕೂದಲಿಗೆ ಮಲಗಿಕೊಂಡೇ ಕ್ಷೌರ ಮಾಡಬಹುದು ಎಂದನಂತೆ ಬಸವಣ್ಣೆಪ್ಪ. ಅದನ್ನು ಅವಳಿಗೆ ಹೇಳುವಾಗ ಬಹಳ ದಿನಗಳ ಮೇಲೆ ಇಬ್ಬರೂ ನಕ್ಕರು.

ಗಾಯ ಮಾತ್ರ ಯಾರ ಅವಸರವನ್ನೂ ಕೇಳಲಿಲ್ಲ. ಕಪ್ಪು ಅಂಚನ್ನು ದವಾಖಾನೆಯಲ್ಲಿ ಕೊರೆದು ತೆಗೆದರು. ತಳದಲ್ಲಿ ಕೆಂಪು ಕಂಡಿತು. ಚೂರು ಮುಚ್ಚಿತು, ಮತ್ತೆ ಬಿರಿಯಿತು. ಅವನೀಗ ತಾನೇ ನೋಡುತ್ತಿದ್ದ. ನೋಡಿದ ಮೇಲೂ, ನಿನಗೆ ಹೆಂಗೆ ಕಾಣುತ್ತದೆ ಎಂದು ಅವಳನ್ನು ಕೇಳುತ್ತಿದ್ದ. ಹೆಚ್ಚಾಗಿದ್ದ ದಿನ ಹೆಚ್ಚಾಗಿದೆ ಎನ್ನುವುದು ಅವಳಿಗೆ ರೂಢಿಯಿರಲಿಲ್ಲ. ಆದರೂ ಹೇಳುತ್ತಿದ್ದಳು. ಇವತ್ತು ನನಗೂ ಸೊಂಟ ನೋಯುತ್ತಿದೆ ಎಂದು ಒಂದು ದಿನ ಅದರ ಜೊತೆಗೇ ಹೇಳಿಬಿಟ್ಟಳು. ಹೇಳಿ ತಾನೇ ಬೆರಗಾದಳು. ಅವನು ಆ ದಿನ ತಾನೇ ಪಟ್ಟಿ ಸುತ್ತಿಕೊಂಡ.

ಮರುವರ್ಷದ ಯುಗಾದಿ ಹೊತ್ತಿಗೆ ಗಾಯದ ಮೇಲೆ ಈರುಳ್ಳಿ ಸಿಪ್ಪೆಯಂಥ ತೆಳು ಚರ್ಮ ಬಂದಿತ್ತು. ಇದನ್ನು ನಂಬಿ ಕೂರಬೇಡಿ, ದಿನಾ ನೋಡಿ ಎಂದರು ಡಾಕ್ಟರಮ್ಮ.

ಅಷ್ಟರಲ್ಲಿ ನನಗೇ ಮುಪ್ಪು. ದಿನಾ ಗಾಯ ತೊಳೆಯುವ ಉಪ್ಪುನೀರಿನ ಪಸೆ ತಾಗಿ ಬೆನ್ನಿನ ಲೇಪ ಸುಲಿಯತೊಡಗಿತ್ತು. ಒಂದು ಮುಂಜಾನೆ ನನ್ನನ್ನು ಅಂಗಾಲಿಗೆ ಹಿಡಿದ ಸಾವಂತ್ರೆವ್ವ ಇನ್ನಷ್ಟು ಬಗ್ಗಿದಳು. ಹಿಮ್ಮಡಿಯ ಹತ್ತಿರ ಒಂದು ಕರಿ ಚುಕ್ಕೆ. ಒರೆಸಿದಳು, ಹೋಗಲಿಲ್ಲ. ಅವಳ ಮುಖ ಬಿಳಿಚಿತು. ಅವನು ಬಗ್ಗಿ ನೋಡಿ, ಮೆಲ್ಲಗೆ ಕಾಲು ಸರಿಸಿದ. ಕಾಲು ಸರಿಯಿತು, ಚುಕ್ಕೆ ಇದ್ದಲ್ಲೇ ಇತ್ತು.

"ಇದು ಕನ್ನಡೀದು, ಸಾವಂತ್ರಿ. ನನ್ನ ಕಾಲಿಂದಲ್ಲ."

ಅವನು ನಕ್ಕ. ಅವಳು ನಗಲಿಲ್ಲ. ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕಣ್ಣಿಗೆ ಕಸ ಬಿತ್ತೆಂದು ಹೇಳದೆ, ಬಹಳ ಹೊತ್ತು ಅತ್ತಳು.

ಪ್ಲಾಸ್ಟಿಕ್ ಚೌಕಟ್ಟಿನ ಹೊಸ ಕನ್ನಡಿ ಬಂತು. ಅವಳು ನನ್ನನ್ನು ಎಸೆಯಲಿಲ್ಲ. ಕಪಾಟಿನ ಹಿಂದೆ ಗೋಡೆಗೆ ಮುಖಮಾಡಿ ಇಟ್ಟಿದ್ದಾಳೆ. ಇಲ್ಲಿಂದ ನನಗೆ ಏನೂ ಕಾಣುವುದಿಲ್ಲ, ಕೇಳುತ್ತದೆ ಅಷ್ಟೆ. ಕಾಣುವುದನ್ನು ತೋರಿಸುವುದಷ್ಟೇ ನನ್ನ ಕೆಲಸವಾಗಿತ್ತು, ಹೇಳುವ ಕಷ್ಟ ಅವಳದು. ಮುಂಜಾನೆ ಸ್ಟೂಲು ಎಳೆದ ಸಪ್ಪಳವಾಗುತ್ತದೆ. ಹೆಂಗೈತಿ ಎಂದು ಅವನು ಕೇಳುತ್ತಾನೆ. ಅವಳು ಕೂಡಲೇ ಉತ್ತರಿಸುವುದಿಲ್ಲ. ಸರಿಯಾಗಿ ನೋಡುತ್ತಿರುತ್ತಾಳೆ. ಅವಳು ಬಾಯಿ ತೆರೆಯುವವರೆಗೆ ಈ ಕತ್ತಲಲ್ಲಿ ನಾನೂ ಉಸಿರು ಹಿಡಿದಿರುತ್ತೇನೆ.